ಟಿಟಿ, ದಿಬ್ಬಣದ ಬಸ್ಸು, ಲೈಟಿನ ಬಸ್ಸು: ಘಟ್ಟ ಇಳಿಯಲು ಯಾವುದು ಒಳ್ಳೇದು?

ಬರುವ ಮಾಘದಲ್ಲಿ ಅಮ್ಮಮ್ಮನ ಸಹಸ್ರ ಚಂದ್ರ ದರ್ಶನ. ಹೋಮ ಮುಗಿದ ಮರುದಿನ ಎಲ್ಲರೂ ಒಟ್ಟಿಗೆ ಇಡಗುಂಜಿಗೆ ಹೋಗಬೇಕು, ಹಾಗೇ ಮುರ್ಡೇಶ್ವರದಲ್ಲಿ ಸಮುದ್ರ ನೋಡಿ ಬರಬೇಕು ಅಂತ ಅವಳ ಆಸೆ. ಜನ 34. ಗಾಡಿ ಯಾವುದು ಅಂತ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಒಂದು ವಾರದಿಂದ ಮಾತು ನಡೆದಿದೆ. ಹುಡುಗರಿಗೆ ಲೈಟು, ಡಿಜೆ ಇರುವ ಬಸ್ಸು ಬೇಕು. ಮಾವನಿಗೆ ಸರ್ಕಾರಿ ಬಸ್ಸೇ ಆಗಬೇಕು. ಕಳೆದ ನಾಲ್ಕು ವರ್ಷದಲ್ಲಿ ಟಿಟಿಯೂ ಸೇರಿ ಈ ಮೂರೂ ನಮೂನೆ ಗಾಡಿ ಗೊತ್ತು ಮಾಡಿದವ ನಾನೇ. ಅದಕ್ಕೇ ನನಗೆ ಕಂಡದ್ದನ್ನು ಬರೆಯುತ್ತಿದ್ದೇನೆ.

ಮೊದಲು ಟಿಟಿ. ಆಯಿಗೆ, ಅಂದರೆ ನನ್ನ ಅಮ್ಮನಿಗೆ, 60 ತುಂಬಿದಾಗ 17 ಸೀಟಿನ ಎರಡು ಟೆಂಪೋ ಟ್ರಾವೆಲರ್ ಹೇಳಿದ್ದೆವು. ನಮ್ಮ ಮನೆ ಶಿರಸಿ ಪೇಟೆಯಿಂದ ಎಂಟು ಕಿಲೋಮೀಟರ್ ಒಳಗೆ, ತೋಟದ ಪಕ್ಕದ ಮಣ್ಣು ರಸ್ತೆಯಲ್ಲಿ. ಟಿಟಿ ಸೀದಾ ಅಂಗಳಕ್ಕೇ ಬಂತು, ಅಡಿಕೆ ಒಣಗಿಸುವ ಅಟ್ಟದ ಪಕ್ಕದಲ್ಲೇ ತಿರುಗಿಸಿಕೊಂಡಿತು. ಮನೆಯಲ್ಲಿ ವಯಸ್ಸಾದವರಿದ್ದರೆ ಇದು ಎಷ್ಟು ದೊಡ್ಡ ಅನುಕೂಲ ಅಂತ ಅವತ್ತು ಗೊತ್ತಾಯಿತು. ಆದರೂ ಮೆಟ್ಟಿಲು ಎತ್ತರವೇ. ಒಳಗಿನಿಂದ ಊಟದ ಮಣೆ ತಂದು ಬಾಗಿಲ ಕೆಳಗೆ ಇಟ್ಟೆ. ಅಮ್ಮಮ್ಮ ಒಂದು ಕೈಯಲ್ಲಿ ಹಿಡಿಕೆ ಹಿಡಿದು, ಇನ್ನೊಂದು ಕೈ ನನ್ನ ಹೆಗಲಿಗೆ ಹಾಕಿ, ಮಣೆ ಮೇಲೆ ಒಂದು ಕ್ಷಣ ನಿಂತು ಉಸಿರು ಬಿಟ್ಟು ಒಳಗೆ ಹೋದಳು. ಡ್ರೈವರ್ ಅದನ್ನು ನೋಡಿದ. ಆಮೇಲೆ ದಿನವಿಡೀ ಎಲ್ಲಿ ನಿಲ್ಲಿಸಿದರೂ ಹೇಳುವ ಮೊದಲೇ ಇಳಿದು ಬಂದು ಮಣೆ ಇಡುತ್ತಿದ್ದ. ಅಂಥ ಡ್ರೈವರ್ ಸಿಕ್ಕರೆ ಅರ್ಧ ಪ್ರವಾಸ ಗೆದ್ದ ಹಾಗೆ.

ಬಾಡಿಗೆ ಲೆಕ್ಕ ಹೀಗಿತ್ತು. ಕಿಲೋಮೀಟರಿಗೆ 24 ರೂಪಾಯಿ, ದಿನಕ್ಕೆ ಕಡಿಮೆ ಅಂದರೂ 250 ಕಿಲೋಮೀಟರಿನ ದುಡ್ಡು, ಡ್ರೈವರ್ ಬಾಟಾ 500. ಕುಮಟಾ ಹತ್ತಿರದ ಹೊಳೆಗದ್ದೆಯ ಟೋಲ್ ಬೇರೆ. ನಾವು ಓಡಿದ್ದು 240ರ ಹತ್ತಿರ, ಕೊಟ್ಟದ್ದು 250ಕ್ಕೆ. ಎರಡು ಗಾಡಿ ಸೇರಿ ಬಾಟಾ ಸಮೇತ 13,000 ಆಯಿತು. ಇದರಲ್ಲಿ ಮೋಸ ಏನೂ ಇಲ್ಲ, ಬಾಡಿಗೆ ಗಾಡಿಯ ಪದ್ಧತಿಯೇ ಹೀಗೆ. ಆದರೆ ಮೀಟರ್ ಎಲ್ಲಿಂದ ಶುರು ಅಂತ ಮೊದಲೇ ಕೇಳಿಕೊಳ್ಳಬೇಕು. ನಿಮ್ಮ ಮನೆಯಿಂದಲೋ, ಅವರ ಶೆಡ್ಡಿನಿಂದಲೋ?

ಟಿಟಿಯಲ್ಲಿ ನನಗೆ ಬೇಜಾರಾದದ್ದು ಒಂದೇ. ಜನ ಎರಡು ಪಾಲಾದರು. ಹಿಂದಿನ ಗಾಡಿಯಲ್ಲಿ ಅಂತ್ಯಾಕ್ಷರಿ, ಮುಂದಿನದರಲ್ಲಿ ಎಲ್ಲರೂ ನಿದ್ದೆ. ಆಯಿಯ ಹಬ್ಬ, ಆಯಿ ಕುಳಿತದ್ದು ನಿದ್ದೆಯ ಗಾಡಿಯಲ್ಲಿ. ಕುಮಟಾದಲ್ಲಿ ಚಹಾಕ್ಕೆ ನಿಲ್ಲಿಸಿದಾಗ "ಆ ಗಾಡಿಯಲ್ಲಿ ಏನು ಅಷ್ಟು ನಗೆ?" ಅಂತ ಕೇಳಿದಳು. ಬರುವಾಗ ಅವಳನ್ನು ಹಿಂದಿನ ಗಾಡಿಗೆ ಹತ್ತಿಸಿದೆವು. ಮೊದಲೇ ಮಾಡಬೇಕಿತ್ತು.

ಎರಡನೇದು ಸರ್ಕಾರಿ ಬಸ್ಸು. ತಮ್ಮನ ಮದುವೆ ಹೊನ್ನಾವರದ ಕಡೆ, ದಿಬ್ಬಣಕ್ಕೆ 50 ಜನ. ವಾಯವ್ಯ ಕರ್ನಾಟಕ ಸಾರಿಗೆಯವರು ಪ್ರಾಸಂಗಿಕ ಕರಾರಿನ ಮೇಲೆ, ಅಂದರೆ ಒಂದು ಕಾರ್ಯಕ್ರಮದ ಮಟ್ಟಿಗೆ ಬಾಡಿಗೆಗೆ, ಬಸ್ಸು ಕೊಡುತ್ತಾರೆ. ಡಿಪೋಕ್ಕೆ ಹೋಗಿ ಅರ್ಜಿ ಬರೆದು ಮುಂಗಡ ಕಟ್ಟಬೇಕು, ವಾಪಸ್ ಬಂದ ಮೇಲೆ ಉಳಿದ ಲೆಕ್ಕ. ಇಲ್ಲಿ ಕಿಲೋಮೀಟರೂ ಗಂಟೆಯೂ ಎರಡೂ ಎಣಿಕೆಗೆ ಬರುತ್ತವೆ. ಮುಹೂರ್ತ ತಡವಾಗಿ ಊಟ ನಿಧಾನವಾದರೆ ಅದೂ ಬಿಲ್ಲಿಗೇ. ನಮ್ಮ ಚಿಕ್ಕಿ "ಹೆಂಗಸರಿಗೆ ಫ್ರೀ ಅಲ್ವಾ?" ಅಂತ ಕೇಳಿದ್ದಳು. ಶಕ್ತಿ ಯೋಜನೆ ದಿನದ ಸಾಮಾನ್ಯ ಓಡಾಟದ ಬಸ್ಸಿಗೆ, ಬಾಡಿಗೆಗೆ ಹಿಡಿದ ಬಸ್ಸಿಗಲ್ಲ.

ಆದರೂ ಆ ದಿಬ್ಬಣ ನೆನೆದರೆ ಇವತ್ತಿಗೂ ಖುಷಿ. 50 ಜನ ಒಂದೇ ಸೂರಿನ ಕೆಳಗೆ! ಹಿರಿಯ ಹೆಂಗಸರು ಶಿರಸಿ ಬಿಡುವಾಗಲೇ ಹಾಡು ಹಿಡಿದವರು ಘಟ್ಟದ ತಲೆಯವರೆಗೂ ಬಿಡಲಿಲ್ಲ. ಶಿರಸಿ-ಕುಮಟಾ ದಾರಿಯ ದೇವಿಮನೆ ಘಟ್ಟದ ತಿರುವುಗಳನ್ನು ಡ್ರೈವರ್ ಗಡಿಬಿಡಿ ಇಲ್ಲದೆ ಇಳಿಸಿದ. ದಿನಾ ಅದೇ ದಾರಿಯಲ್ಲಿ ಓಡುವವನ ಕೈ ಬೇರೆಯೇ. ತಲೆಗೆ ಹಂಚಿ ನೋಡಿದರೆ ಮೂರರಲ್ಲಿ ಇದೇ ಅಗ್ಗ. ತೊಂದರೆ ಅಂದರೆ ಬಸ್ಸು ಮನೆಗೆ ಬರಲಿಲ್ಲ. ಹಲಸಿನ ಟೊಂಗೆ ತಾಗುತ್ತದೆ ಅಂತ ಡಾಂಬರು ರಸ್ತೆಯಲ್ಲೇ ನಿಂತಿತು. ರೇಷ್ಮೆ ಸೀರೆಯವರೆಲ್ಲ ಮುಕ್ಕಾಲು ಕಿಲೋಮೀಟರ್ ಧೂಳಿನಲ್ಲಿ ನಡೆದರು, ಅಮ್ಮಮ್ಮನನ್ನು ಬೈಕಿನಲ್ಲಿ ಬಿಟ್ಟೆವು. ಇನ್ನೊಂದು ಮಾತು. ಹಿಂದಿನ ಚಕ್ರದ ಆಚೆ ಇರುವ ಸೀಟುಗಳು ತಿರುವಿನಲ್ಲಿ ಜಾಸ್ತಿ ತೂಗುತ್ತವೆ. ಅಲ್ಲಿ ಕುಳಿತ ನಾಲ್ಕು ಮಕ್ಕಳಿಗೂ ವಾಂತಿ. ಘಟ್ಟ ಇಳಿಯುವಾಗ ಮಕ್ಕಳನ್ನು ಎರಡು ಚಕ್ರಗಳ ನಡುವೆ ಕೂರಿಸಿ. ಟಿಟಿಯಲ್ಲೂ ಕೊನೆಯ ಉದ್ದ ಸೀಟು ಗಟ್ಟಿ ಹೊಟ್ಟೆಯವರಿಗೇ ಇರಲಿ.

ಇನ್ನು ಹುಡುಗರು ಕೇಳುವ ಲೈಟಿನ ಬಸ್ಸು. ಪಿಯುಸಿ ಗೆಳೆಯರು 20 ವರ್ಷದ ಮೇಲೆ ಸೇರಿದಾಗ ಹುಬ್ಬಳ್ಳಿ ಕಡೆಯ ಒಬ್ಬರಿಂದ ಇದನ್ನು ತರಿಸಿದ್ದೆವು, ಕಾರವಾರಕ್ಕೆ ಹೋಗಲು. ಫೋಟೋದಲ್ಲಿ ತೋರಿಸಿದ ಬಸ್ಸೇ ಬೇರೆ, ಬಂದ ಬಸ್ಸೇ ಬೇರೆ. ಸೀಟಿನ ಬಟ್ಟೆ ಹರಿದಿತ್ತು. ಸ್ಪೀಕರ್ ಎರಡರಲ್ಲಿ ಒಂದು ಸುಮ್ಮನಿತ್ತು. ಘಟ್ಟದಲ್ಲಿ ಎಸಿ ಬಂದ್ ಮಾಡುತ್ತೇವೆ ಅಂದರು. ದುಡ್ಡು 32,000. ಹುಬ್ಬಳ್ಳಿಯಿಂದ ಶಿರಸಿಗೆ ಹತ್ತಿರ ಹತ್ತಿರ 100 ಕಿಲೋಮೀಟರ್ ಇದೆ. ಬಸ್ಸು ಖಾಲಿ ಬಂದು ಖಾಲಿ ಹೋಗುವ ಆ 200 ಕಿಲೋಮೀಟರಿನ ದುಡ್ಡೂ ನಮ್ಮದೇ ತಲೆಗೆ ಅಂತ ಕೊನೆಗೆ ತಿಳಿಯಿತು.

ಬೇಜಾರಿಗಿಂತ ಹೆಚ್ಚು ಹೆದರಿಕೆ ಆದದ್ದು ರಾತ್ರಿ ವಾಪಸ್ ಬರುವಾಗ. ನಾನು ಡ್ರೈವರ್ ಹಿಂದೆಯೇ ಕುಳಿತಿದ್ದೆ. ಒಳಗಿನ ನೀಲಿ ಕೆಂಪು ಬೆಳಕೆಲ್ಲ ಮುಂದಿನ ಗಾಜಿನಲ್ಲಿ ಮೂಡಿ ಕುಣಿಯುತ್ತಿತ್ತು. ದೇವಿಮನೆಯಲ್ಲಿ ಮಂಜು ಬೇರೆ ಇಳಿದಿತ್ತು. ಎದುರಿನ ಲಾರಿಯ ದೀಪ ಯಾವುದು, ನಮ್ಮ ಒಳಗಿನ ದೀಪ ಯಾವುದು ಅಂತ ನನಗೇ ಗೊತ್ತಾಗುತ್ತಿರಲಿಲ್ಲ. ಡ್ರೈವರ್ ಕುತ್ತಿಗೆ ಮುಂದೆ ಚಾಚಿ ಕಣ್ಣು ಕಿರಿದು ಮಾಡಿ ಓಡಿಸುತ್ತಿದ್ದ. ಎದ್ದು ಹೋಗಿ ಎಲ್ಲ ಲೈಟು ಆರಿಸಿದೆ. ಗೆಳೆಯರು ಕೂಗಾಡಿದರು, ಆರಿಸಿಯೇ ಬಿಟ್ಟೆ. ಆಗ ಡ್ರೈವರ್ "ಸಾರ್, ಈಗ ಕಾಣ್ತದೆ" ಅಂದ. ಆ ಮಾತು ಇನ್ನೂ ಕಿವಿಯಲ್ಲಿದೆ.

ನಿಜ ಹೇಳಬೇಕೆಂದರೆ ನಾವು ಕುಣಿದದ್ದು ಕಾರವಾರದ ಟ್ಯಾಗೋರ್ ಕಡಲತೀರದ ಹತ್ತಿರ ಬಸ್ಸು ನಿಲ್ಲಿಸಿದಾಗ ಮಾತ್ರ, ಅರ್ಧ ಗಂಟೆ. ಓಡುವ ಬಸ್ಸಿನಲ್ಲಿ, ಅದೂ ಘಟ್ಟದಲ್ಲಿ, ನಿಂತು ಕುಣಿಯಲು ಆಗುವುದೇ ಇಲ್ಲ. ಆ ಅರ್ಧ ಗಂಟೆಗೆ ಚಾರ್ಜ್ ಮಾಡುವ ಒಂದು ಸ್ಪೀಕರ್ ಸಾಕಿತ್ತು. ಊರಿನವರದೇ ಒಳ್ಳೆಯ ಬಸ್ಸು ಸಿಕ್ಕರೆ, ಕುಮಟಾದಿಂದ ಕಾರವಾರದವರೆಗೆ ಸಮುದ್ರದ ಬದಿಯ ಹೆದ್ದಾರಿಯಲ್ಲಿ ಹಗಲು ಹೊತ್ತು ಹೋಗುವ ಹುಡುಗರಿಗೆ ಇದು ಚೆನ್ನಾಗಿಯೇ ಇದ್ದೀತು. ಅಮ್ಮಮ್ಮನನ್ನು ಕೂರಿಸಿಕೊಂಡು ಘಟ್ಟ ಇಳಿಯಲು ಖಂಡಿತ ಬೇಡ.

ಅಂದಿನಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಮುಂಗಡ ಕೊಡುವ ಮೊದಲು ಗಾಡಿಯ ನಂಬರ್ ತರಿಸಿಕೊಂಡು ಎಂ-ಪರಿವಾಹನ್ ಆ್ಯಪಿನಲ್ಲಿ ಹಾಕಿ ನೋಡುತ್ತೇನೆ. ಫಿಟ್‌ನೆಸ್ ಎಲ್ಲಿಯವರೆಗೆ, ಇನ್ಶೂರೆನ್ಸ್ ಎಲ್ಲಿಯವರೆಗೆ ಎಲ್ಲ ಅದರಲ್ಲಿ ಸಿಗುತ್ತದೆ. ಹಳದಿ ಬೋರ್ಡಿನ ಮೇಲೆ ಕಪ್ಪು ಅಕ್ಷರ ಇದ್ದರೆ ಬಾಡಿಗೆಗೆ ಸೈ. ಬಿಳಿ ಬೋರ್ಡಿನ ಗಾಡಿ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ, ಏನಾದರೂ ಆದರೆ ವಿಮೆ ಕೈಗೆ ಬರುವುದು ಕಷ್ಟ. ಮಳೆಗಾಲದಲ್ಲಿ ದೊಡ್ಡ ಬಸ್ಸಿನ ಕಾರ್ಯಕ್ರಮ ಇಟ್ಟುಕೊಳ್ಳುವುದೇ ಇಲ್ಲ. ಘಟ್ಟದಲ್ಲಿ ಭಾರಿ ವಾಹನ ಬಂದ್ ಅಂತ ಯಾವಾಗ ಹೇಳುತ್ತಾರೋ ಗೊತ್ತಾಗುವುದಿಲ್ಲ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದದ್ದನ್ನು ಕಂಡ ಮೇಲೆ ಮಳೆಯಲ್ಲಿ ಆ ದಾರಿಗೆ ಮಕ್ಕಳನ್ನು ಕರೆದುಕೊಂಡು ಹೋಗಲು ನನಗೆ ಮನಸ್ಸು ಬರುವುದಿಲ್ಲ. ಮಾಘ ಆದ್ದರಿಂದ ಈ ಸಲ ಆ ಚಿಂತೆ ಇಲ್ಲ.

ಹಾಗಾಗಿ ಗ್ರೂಪಿನಲ್ಲಿ ನಿನ್ನೆ ಬರೆದು ಹಾಕಿದ್ದೇನೆ: ಎರಡು ಟಿಟಿ, ಶಿರಸಿಯವರದೇ. ಕುಮಟಾದ ಚಹಾ ಆದ ಮೇಲೆ ಜನ ಗಾಡಿ ಬದಲಿಸಬೇಕು, ಅಮ್ಮಮ್ಮನೂ. ಸ್ಪೀಕರ್ ತರುವುದು ಹುಡುಗರ ಜವಾಬ್ದಾರಿ, ಮಣೆ ನನ್ನದು. ಹಳೆಯ ಡ್ರೈವರಿಗೂ ಫೋನ್ ಮಾಡಿದ್ದೆ. "ಅಜ್ಜಿ ಹುಷಾರಿದ್ದಾರಾ?" ಅಂತ ಮೊದಲು ಕೇಳಿದ, ಆಮೇಲೆ ತಾರೀಖು ಬರೆದುಕೊಂಡ.