ಆರು ಮಳೆಗಾಲ ಕಂಡ ಮರದ ಹಿಡಿಯ ಚಾಕು

ಸ್ಟೇನ್‌ಲೆಸ್ ಅಲ್ಲದ ಕಾರ್ಬನ್ ಸ್ಟೀಲ್ ಚಾಕು ತಗೊಳ್ತೀನಿ ಅಂದರೆ ಸಾಕು, ಎಲ್ಲರೂ ಹೇಳುವುದು ಒಂದೇ ಮಾತು. ಮಲೆನಾಡಲ್ಲಿ ಅದು ತುಕ್ಕು ಹಿಡಿದು ಹೋಗುತ್ತೆ ಮಾರಾಯ ಅಂತ. ನಾನೂ ಹಾಗೇ ಅಂದುಕೊಂಡು ಹೆದರಿಕೊಂಡೇ ತಗೊಂಡಿದ್ದೆ. ಆರು ಮಳೆಗಾಲ ಕಳೆದ ಮೇಲೆ ಹೇಳುತ್ತಿದ್ದೇನೆ, ತುಕ್ಕಿನ ಕಾಟ ಏನೇನೂ ಅಲ್ಲ. ನನ್ನನ್ನು ಆಟ ಆಡಿಸಿದ್ದು ಮರದ ಹಿಡಿ.

ನಮ್ಮದು ಮೂಡಿಗೆರೆ ಕಡೆ ಸಣ್ಣ ತೋಟ. ಕಾಫಿ, ಮೆಣಸು, ಮನೆ ಹಿಂದೆ ಒಂದಿಷ್ಟು ಅಡಿಕೆ. 2019ರ ದೀಪಾವಳಿ ಹೊತ್ತಿಗೆ ಆನ್‌ಲೈನಲ್ಲಿ ಈ ಮಡಚುವ ಚಾಕು ತರಿಸಿದೆ, ಸಾವಿರದ ಚಿಲ್ಲರೆ ಕೊಟ್ಟೆ. ಯಾವ ಕಂಪನಿ ಅಂತ ಬರೆಯುವುದಿಲ್ಲ, ಯಾಕೆಂದರೆ ನಾನು ಹೇಳುವುದು ಈ ಜಾತಿಯ ಚಾಕುಗಳಿಗೆಲ್ಲ ಹೊಂದುತ್ತೆ. ಫ್ರಾನ್ಸಿನಲ್ಲಿ ಒಪಿನೆಲ್ ಅಂತ ಒಂದು ಮಡಚುವ ಚಾಕು ಇದೆ, ಆ ಮಾದರಿ. ಒಪಿನೆಲ್ ಅಲ್ಲ, ಅದನ್ನು ನೋಡಿ ಮಾಡಿದ್ದು. ಒಂದೇ ತುಂಡು ಮರದ ಹಿಡಿ, ಅದರಲ್ಲಿ ಉದ್ದಕ್ಕೆ ಒಂದು ಸೀಳು, ಒಂದು ಅಲಗು, ಒಂದು ರಿವೆಟ್, ಅಲಗು ಕದಲದಂತೆ ಲಾಕ್ ಮಾಡಲು ಕುತ್ತಿಗೆಗೆ ತಿರುಗಿಸುವ ಉಂಗುರ. ಒಳಗೆ ಸ್ಪ್ರಿಂಗೂ ಇಲ್ಲ, ತಗಡೂ ಇಲ್ಲ. ಜೋಸೆಫ್ ಒಪಿನೆಲ್ ಸವೋಯಿ ಬೆಟ್ಟದ ಸೀಮೆಯಲ್ಲಿ 1890ರಲ್ಲಿ ಇದನ್ನು ಶುರು ಮಾಡಿದ್ದು ಅಲ್ಲಿನ ರೈತರಿಗೆ. ಆಗ ಉಂಗುರದ ಲಾಕ್ ಇರಲಿಲ್ಲ, ಅದು ಬಂದಿದ್ದು 1955ರಲ್ಲಿ. ಮಡಚಿದಾಗಲೂ ಲಾಕ್ ಆಗುವ ಹಾಗೆ ಮಾಡಿದ್ದು 2000ದಲ್ಲಿ. ಈ ಕೊನೆಯ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ನನ್ನ ಚಾಕು ಬಿಚ್ಚಿದಾಗ ಮಾತ್ರ ಲಾಕ್ ಆಗುತ್ತೆ.

ಮೊದಲು ಒಂದು ದೂರು ಹೇಳಿಬಿಡುತ್ತೇನೆ. ಹಿಡಿ ಬೀಟೆ ಮರದ್ದು ಅಂತ ಹಾಕಿದ್ದರು. ಬೀಟೆ ಬಾಗಿಲು ತಳ್ಳಿಕೊಂಡು ಬೆಳೆದವನಿಗೆ ಕೈಯಲ್ಲಿ ಹಿಡಿದ ಕೂಡಲೇ ಗೊತ್ತಾಗುತ್ತೆ, ಅಷ್ಟು ಹಗುರದ ಬೀಟೆ ಯಾವ ಕಾಡಲ್ಲೂ ಬೆಳೆಯಲ್ಲ. ಉಗುರಲ್ಲಿ ಕೆರೆದರೆ ಬಣ್ಣದ ಕೆಳಗೆ ಬಿಳಿ ಮರ. ವಾಪಸ್ ಕಳಿಸೋಣ ಅಂತಿದ್ದೆ, ಅಷ್ಟರಲ್ಲಿ ಅದರಲ್ಲಿ ಒಂದು ಕಿತ್ತಳೆ ಹೆಚ್ಚಿ ನೋಡಿದೆ. ಅಲಗು ಅಷ್ಟು ತೆಳ್ಳಗೆ, ಅಷ್ಟು ಹರಿತ. ಇಟ್ಟುಕೊಂಡೆ. ಕಿತ್ತಳೆ ಮಾತ್ರ ಕಬ್ಬಿಣ ನೆಕ್ಕಿದ ಹಾಗಿತ್ತು. ಹುಳಿ ಹಣ್ಣಿಗೆ ಕಾರ್ಬನ್ ಸ್ಟೀಲ್ ಬೇಡ, ಇದು ಎಲ್ಲಾ ಕಾರ್ಬನ್ ಚಾಕುಗಳ ಗುಣ.

ಬೇಸಿಗೆ ತನಕ ಚೆನ್ನಾಗಿ ನಡೆಯಿತು. ಕಾಫಿ ಕುಯ್ಲಲ್ಲಿ ಗೋಣಿ ದಾರ ಕತ್ತರಿಸಲು, ಪೈಪಿನ ತೂತಿಗೆ ಟ್ಯೂಬ್ ಕೊಯ್ದು ಸುತ್ತಲು, ಬಾಳೆ ಎಲೆ ತೆಗೆಯಲು, ಎಲ್ಲಕ್ಕೂ ಇದೇ. ಮುಂದಿನ ಜೂನಲ್ಲಿ ಆರಿದ್ರಾ ಮಳೆ ಹಿಡಿಯಿತು. ನಾಲ್ಕನೇ ದಿನ ಮೆಣಸಿನ ಬಳ್ಳಿ ಕಟ್ಟಿಸಲು ತೋಟಕ್ಕೆ ಹೋಗಿ, ಪ್ಲಾಸ್ಟಿಕ್ ಕೊಪ್ಪೆ ಒಳಗಿಂದ ಚಾಕು ತೆಗೆದರೆ, ಬಿಚ್ಚುತ್ತಲೇ ಇಲ್ಲ! ಉಗುರು ಸಿಗಿಸುವ ಗೀರಿಗೆ ಉಗುರು ಹಾಕಿ ಎಳೆದೆ, ಉಗುರು ಹಿಂದಕ್ಕೆ ಬಾಗಿತೇ ಹೊರತು ಅಲಗು ಕದಲಲಿಲ್ಲ. ಪಕ್ಕದಲ್ಲಿ ಕೆಲಸ ಮಾಡುತ್ತಿದ್ದವನು ಸ್ವಲ್ಪ ಹೊತ್ತು ನೋಡಿ, "ಅಣ್ಣಾ, ಅದು ಜೇಬಲ್ಲೇ ಇರ್ಲಿ ಬಿಡಿ, ನನ್ ಕತ್ತಿ ತಗೊಳಿ" ಅಂದ. ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ ಊರ ಆಚಾರಿ ಬಡಿದುಕೊಟ್ಟ ಕತ್ತಿ ಅದು. ಮಳೆಯಾದರೇನು, ಬಿಸಿಲಾದರೇನು.

ಯಾಕೆ ಹೀಗೆ ಅಂತ ಯೋಚನೆ ಮಾಡಿದರೆ ಉತ್ತರ ನಮ್ಮ ಮನೆ ಬಾಗಿಲಲ್ಲೇ ಇದೆ. ಜುಲೈನಲ್ಲಿ ಬಾಗಿಲು ಬಿಗಿಯಾಗಿ ಭುಜ ಕೊಟ್ಟು ನೂಕುತ್ತೇವಲ್ಲ, ಅದೇ. ಮರ ತೇವ ಕುಡಿದರೆ ಉದ್ದಕ್ಕೆ ಬೆಳೆಯಲ್ಲ, ಅಡ್ಡಕ್ಕೆ ಉಬ್ಬುತ್ತೆ. ಹಿಡಿಯ ಸೀಳು ಎರಡೂ ಕಡೆಯಿಂದ ಅಲಗನ್ನು ಕಚ್ಚಿ ಹಿಡಿಯುತ್ತೆ. ಹೊರಗೆಲ್ಲ ವಾರ್ನಿಷ್ ಬಳಿದಿರುತ್ತಾರೆ, ಸೀಳಿನ ಒಳಗೆ ಬರೀ ಮರ. ಸವೋಯಿನವರಿಗೆ ಇದೇನೂ ಹೊಸದಲ್ಲ. ಹಿಡಿಯ ಹಿಂತುದಿಯನ್ನು ಗಟ್ಟಿ ಜಾಗಕ್ಕೆ ಒಮ್ಮೆ ಕುಟ್ಟಿದರೆ ಅಲಗು ಅಷ್ಟು ಮೇಲೇಳುತ್ತೆ, ಆಮೇಲೆ ಬೆರಳಲ್ಲಿ ಹಿಡಿದು ಎಳೆಯಬಹುದು. ಅದಕ್ಕೆ ಸವೋಯಿ ಪೆಟ್ಟು ಅಂತಲೇ ಹೆಸರು. ಕಲಿತೆ. ಆದರೆ ಪುಷ್ಯ ಮಳೆ ಬರುವ ಹೊತ್ತಿಗೆ ಆ ಪೆಟ್ಟಿಗೂ ಅದು ಜಗ್ಗಲಿಲ್ಲ.

ಆಮೇಲೆ ನನ್ನ ವೈದ್ಯ ಶುರುವಾಯಿತು. ಮೊದಲು ಕೊಬ್ಬರಿ ಎಣ್ಣೆ ಬಿಟ್ಟೆ. ನಮಗೆ ಎಲ್ಲದಕ್ಕೂ ಅದೇ ಅಲ್ವಾ? ನವೆಂಬರ್ ಚಳಿಯಲ್ಲಿ ಒಂದು ಬೆಳಗ್ಗೆ ನೋಡಿದರೆ ಚಾಕು ಮತ್ತೆ ಬಿಗಿ. ಕೊಬ್ಬರಿ ಎಣ್ಣೆ 24 ಡಿಗ್ರಿ ಹತ್ತಿರ ಬಂದರೆ ಗಟ್ಟಿಯಾಗುತ್ತೆ, ಶೀಸೆಯಲ್ಲಿ ಆಗುವುದು ರಿವೆಟ್ ಒಳಗೂ ಆಗಿತ್ತು. ಅದಕ್ಕಿಂತ ಮುಖ್ಯ, ಅದು ಒಣಗುವ ಎಣ್ಣೆ ಅಲ್ಲ, ಮರದ ಮೇಲೆ ಪದರ ಕಟ್ಟಲ್ಲ. ತೇವ ತಡೆಯಲ್ಲ.

ಬೇಕಾಗಿದ್ದು ಅಗಸೆ ಎಣ್ಣೆ. ಪೇಂಟ್ ಅಂಗಡಿಯಲ್ಲಿ ಡಬಲ್ ಬಾಯ್ಲ್ಡ್ ಲಿನ್ಸೀಡ್ ಅಂದರೆ ಕೊಡುತ್ತಾರೆ. ಫೆಬ್ರವರಿಯಲ್ಲಿ, ಮರ ಚೆನ್ನಾಗಿ ಒಣಗಿರುವಾಗ, ಗ್ಯಾರೇಜಿನಿಂದ ಸರ್ಕ್ಲಿಪ್ ಪ್ಲೈಯರ್ ತಂದು ಉಂಗುರ ಅಗಲಿಸಿ ತೆಗೆದೆ. ಹಳೇ ಹ್ಯಾಕ್ಸಾ ಬ್ಲೇಡಿಗೆ ಉಪ್ಪು ಕಾಗದ ಸುತ್ತಿ ಸೀಳಿನ ಒಳಗೆ ಎರಡೂ ಗೋಡೆ ಉಜ್ಜಿದೆ. ಜಾಸ್ತಿ ಉಜ್ಜಬೇಡಿ. ಮಡಚಿದ ಅಲಗಿನ ಪಕ್ಕ ಒಂದು ಪೋಸ್ಟ್ ಕಾರ್ಡ್ ತೂರಿದರೆ ಸಾಕು, ಅದಕ್ಕಿಂತ ಜಾಗ ಬೇಡ. ಆಮೇಲೆ ಮೂರು ದಿನ ಒಲೆ ಮೇಲಿನ ಅಟ್ಟದಲ್ಲಿಟ್ಟು, ಒಂದು ಲೋಟದಲ್ಲಿ ಎಣ್ಣೆ ಹಾಕಿ ರಾತ್ರಿಯಿಡೀ ಅದ್ದಿಟ್ಟು, ಒರೆಸಿ, ವಾರಗಟ್ಟಲೆ ಗಾಳಿಗೆ ಬಿಟ್ಟೆ. ಹೀಗೆ ಎರಡು ಸಲ. ಒರೆಸಿದ ಬಟ್ಟೆಯನ್ನು ಮಾತ್ರ ಮುದುರಿ ಮೂಲೆಗೆ ಎಸೆಯಬೇಡಿ. ಈ ಎಣ್ಣೆ ಒಣಗುವಾಗ ತಾನೇ ಬಿಸಿಯಾಗಿ ಬಟ್ಟೆಗೆ ಬೆಂಕಿ ಹತ್ತಬಹುದು. ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ನೆನೆಹಾಕಿ.

ಅದಾದ ಮೇಲೆ ಐದು ಮಳೆಗಾಲ ಕಳೆದಿವೆ. ಪುಷ್ಯದಲ್ಲಿ ಸ್ವಲ್ಪ ಬಿಗಿಯಾಗುತ್ತೆ, ಒಂದು ಪೆಟ್ಟು ಕೊಟ್ಟರೆ ಬಿಚ್ಚುತ್ತೆ.

ಆದರೆ ಬೇಸಿಗೆಯ ಕಥೆ ಉಲ್ಟಾ. ಏಪ್ರಿಲಲ್ಲಿ ಮರ ಕುಗ್ಗಿ ಅಲಗು ಸಡಿಲ. ಒಂದು ಸಲ ಚಿಕ್ಕಮಗಳೂರಿಗೆ ಹೋಗುವಾಗ ಬಸ್ಸಲ್ಲಿ ಚಿಲ್ಲರೆ ಹುಡುಕಲು ಪ್ಯಾಂಟಿನ ಜೇಬಿಗೆ ಕೈ ಹಾಕಿದರೆ ಒಳಗೆ ಚಾಕು ಅರ್ಧ ಬಾಯಿ ತೆರೆದು ಕೂತಿದೆ. ತೋರುಬೆರಳಿನ ತುದಿ ಸರ್ರನೆ ಕುಯ್ದುಹೋಯಿತು. ಕಂಡಕ್ಟರಿಗೆ ರಕ್ತ ಹತ್ತಿದ ಹತ್ತು ರೂಪಾಯಿ ಕೊಟ್ಟೆ, ಅವರು ನೋಟನ್ನೂ ನೋಡಿದರು, ನನ್ನನ್ನೂ ನೋಡಿದರು. ಅದಕ್ಕೇ ಹೇಳಿದ್ದು, ಮಡಚಿದಾಗಲೂ ಲಾಕ್ ಆಗುವ ಉಂಗುರ ಇದೆಯಾ ಅಂತ ನೋಡಿಯೇ ತಗೊಳ್ಳಿ. ಈಗ ನಾನು ಬೇಸಿಗೆಯಲ್ಲಿ ಹಳೇ ಸೈಕಲ್ ಟ್ಯೂಬಿನ ಒಂದು ಸುತ್ತು ಹಾಕಿಯೇ ಜೇಬಿಗಿಡುವುದು.

ಅಲಗಿನ ವಿಷಯ ಜಾಸ್ತಿ ಇಲ್ಲ. ಮೊದಲ ತಿಂಗಳಲ್ಲೇ ಹಸಿ ಅಡಿಕೆ, ಬಾಳೆದಿಂಡು ಕೊಯ್ದು ಕೊಯ್ದು ಕಪ್ಪು-ನೀಲಿ ಬಣ್ಣ ಬಂತು, ಮೋಡ ಕವಿದ ಹಾಗೆ. ಅಡಿಕೆಯ ಒಗರು ಕಬ್ಬಿಣದ ಜೊತೆ ಸೇರಿ ಆಗುವ ಕಪ್ಪು ಅದು. ತುಕ್ಕಲ್ಲ. ಉಜ್ಜಿ ಬೆಳ್ಳಗೆ ಮಾಡಲು ಹೋಗಬೇಡಿ, ಆ ಕಪ್ಪು ಇದ್ದಷ್ಟೂ ಕೆಂಪು ತುಕ್ಕು ಹತ್ತುವುದು ಕಮ್ಮಿ. ಕೆಂಪು ಕಂಡರೆ ಒಲೆ ಬೂದಿ, ಅರ್ಧ ಆಲೂಗಡ್ಡೆ, ಎರಡು ನಿಮಿಷದ ಕೆಲಸ. ಮಸೆಯಲು ಹಾರ್ಡ್‌ವೇರ್ ಅಂಗಡಿಯ ಕಾರ್ಬೊರಂಡಂ ಕಲ್ಲು ಸಾಕು. ಅದೂ ಇಲ್ಲದಿದ್ದರೆ ಪಿಂಗಾಣಿ ಕಪ್ಪನ್ನು ಬೋರಲು ಹಾಕಿ, ತಳದಲ್ಲಿ ಹೊಳಪಿಲ್ಲದ ಒರಟು ಅಂಚು ಇರುತ್ತಲ್ಲ, ಅದರ ಮೇಲೆ ಹತ್ತು ಸಲ ಎಳೆದರೆ ಬಾಯಿ ವಾಪಸ್ ಬರುತ್ತೆ.

ಈ ಹುಚ್ಚು ಹತ್ತಿದ್ದು ಅಜ್ಜನ ಚಾಕಿನಿಂದ. ಬ್ರಿಟಿಷ್ ದೊರೆಗಳ ಕಾಲದಲ್ಲಿ ಅಜ್ಜ ಎಸ್ಟೇಟಲ್ಲಿ ರೈಟರ್, ಅಂದರೆ ಗುಮಾಸ್ತ. ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ, ಬರೆಯುವ ಪೆನ್ಸಿಲ್ ಹೆರೆಯಲು ಒಂದು ಪೆನ್‌ನೈಫ್ ಇತ್ತು, ದೊರೆ ಕೊಟ್ಟಿದ್ದಂತೆ. ಇಂಗ್ಲೆಂಡಿನ ಶೆಫೀಲ್ಡಿನ ಜೋಸೆಫ್ ರಾಜರ್ಸ್ ಕಂಪನಿಯದು, ಅಲಗಿನ ಬುಡದಲ್ಲಿ ಒಂದು ನಕ್ಷತ್ರ, ಒಂದು ಶಿಲುಬೆ, ಭೂತಗನ್ನಡಿ ಹಿಡಿದರೆ ಈಗಲೂ ಕಾಣುತ್ತೆ. ದೊಡ್ಡ ಅಲಗು ಮಸೆದು ಮಸೆದು ಸವೆದು, ಮೀನಿನ ಮುಳ್ಳಿನಷ್ಟಾಗಿದೆ. ಚಿಕ್ಕದು ಹೊಸದರ ಹಾಗಿದೆ, ಅಜ್ಜ ಅದನ್ನು ಯಾಕೋ ಮುಟ್ಟಿಲ್ಲ. ಮಡಚಿದರೆ ಬೆನ್ನಿನ ಸ್ಪ್ರಿಂಗು ಟಕ್ ಅನ್ನುತ್ತೆ. ಎಷ್ಟೋ ವರ್ಷದ ಮೇಲೂ ಅದೇ ಟಕ್. ಹಳೇ ಚಾಕು ಕೊಳ್ಳುವಾಗ ನಾನು ಮೊದಲು ಕೇಳುವುದೇ ಆ ಸದ್ದು. ಆಮೇಲೆ ಅಲಗನ್ನು ಬಿಚ್ಚಿ ಬೆಳಕಿಗೆ ಹಿಡಿದು, ಪಕ್ಕಕ್ಕೆ ಅಲ್ಲಾಡುತ್ತಾ, ಸ್ಪ್ರಿಂಗಿಗೂ ಹಿಡಿಗೂ ನಡುವೆ ಸಂದು ಕಾಣುತ್ತಾ ನೋಡುತ್ತೇನೆ. ಚಕಚಕ ಹೊಳೆಯುವಂತೆ ಪಾಲಿಶ್ ಮಾಡಿದ್ದು ಕಂಡರೆ ಮುಟ್ಟಲ್ಲ. ಮುದ್ರೆ ಅಳಿಸಿಹೋಗಿರುತ್ತೆ.

ಈಗ ಬಿಸ್ಕತ್ ಡಬ್ಬಿಯಲ್ಲಿ ಏಳು ಚಾಕು ಇವೆ. ಅಮ್ಮನ ಪ್ರಕಾರ ಎಪ್ಪತ್ತು. "ಇಷ್ಟೊಂದು ಚಾಕು ಇಟ್ಕೊಂಡು ಅಡುಗೆಮನೆ ಚಾಕು ಮಾತ್ರ ಮೊಂಡು" ಅನ್ನುತ್ತಾರೆ, ನ್ಯಾಯವೇ. ಭಾವ ಬಂದಾಗೆಲ್ಲ ಸಿನಿಮಾ ರೌಡಿಗಳ ರಾಂಪುರಿ ಚಾಕು ತೋರಿಸು ಅಂತ ರೇಗಿಸುತ್ತಾರೆ.

ತಗೊಳ್ಳಬಹುದಾ ಅಂತ ಕೇಳುವವರಿಗೆ ನನ್ನ ಲೆಕ್ಕ ಹೀಗಿದೆ. ಹಾಸನ, ಅರಸೀಕೆರೆ ಕಡೆ ಬಯಲಲ್ಲಿ ಇರುವವರು ಕಣ್ಣು ಮುಚ್ಚಿಕೊಂಡು ತಗೊಳ್ಳಿ. ಸಕಲೇಶಪುರ, ಮೂಡಿಗೆರೆ, ಕೊಪ್ಪದವರು ಮೊದಲ ಬೇಸಿಗೆಯಲ್ಲೇ ಅಗಸೆ ಎಣ್ಣೆ ಕುಡಿಸುವುದಾದರೆ ತಗೊಳ್ಳಿ. ಅಷ್ಟು ಪುರುಸೊತ್ತಿಲ್ಲ ಅಂದರೆ ಲೋಹದ ಹಿಡಿಯದು ನೋಡಿ. ನನ್ನ ಹತ್ತಿರ ವಿಕ್ಟೊರಿನಾಕ್ಸ್‌ನ ಅಲ್ಯೂಮಿನಿಯಂ ಹಿಡಿಯದು ಒಂದಿದೆ, ಜೂನಿಂದ ಆಗಸ್ಟ್ ತನಕ ಎಷ್ಟೋ ದಿನ ಅದೇ ಜೇಬಲ್ಲಿರುತ್ತೆ. ಕೆಲಸಕ್ಕೆ ಏನೂ ಮೋಸ ಇಲ್ಲ, ಆದರೆ ಸುಮ್ನೆ ಕೂತಾಗ ಕೈಗೆ ಬರುವುದು ಮರದ್ದೇ.

ಹೋದ ಆಯುಧಪೂಜೆಗೆ ಕತ್ತಿ, ಗುದ್ದಲಿ, ಮೋಟರ್ ಸಾಲಲ್ಲಿ ಇದನ್ನೂ ಬಿಚ್ಚಿ ಇಟ್ಟಿದ್ದೆವು. ಅಮ್ಮ ಅಲಗಿಗೆ ಒದ್ದೆ ಕುಂಕುಮ ಹಚ್ಚಿದರು, ಮಾರನೇ ದಿನ ತೆಗೆಯಲು ಮರೆತೆ. ಆರು ಮಳೆಗಾಲದಲ್ಲಿ ಆಗದ ಒಂದು ಸಣ್ಣ ಗುಳಿ ಆ ಬೊಟ್ಟಿನ ಕೆಳಗೆ ಬಿದ್ದಿದೆ. ಬೂದಿಗೂ ಹೋಗಿಲ್ಲ, ಕಲ್ಲಿಗೂ ಹೋಗಿಲ್ಲ. ಅಮ್ಮನಿಗೆ ತೋರಿಸಿದೆ. "ಇರ್ಲಿ ಬಿಡು, ಬೊಟ್ಟು ಇಟ್ಟ ಹಾಗೇ ಇದೆ" ಅಂದರು.