‘90 ದಿನಕ್ಕೆ 15 ಕಿಲೊ’ ಎಂಬ ಗೇಮ್ ಸೆಟ್ ಕೊಳ್ಳುವ ಮೊದಲು

ಟಿವಿಗೆ ಜೋಡಿಸುವ ಒಂದು ಗೇಮ್ ಯಂತ್ರ, ಮೈಯ ಚಲನೆಯನ್ನು ಗುರುತಿಸುವ ಒಂದು ಕ್ಯಾಮೆರಾ, ವ್ಯಾಯಾಮದ ಎರಡು ಡಿಸ್ಕ್‌ಗಳು ಮತ್ತು ‘ಊಟದ ಬದಲಿ’ ಎಂದು ಕರೆಯುವ ಪುಡಿಯ ಒಂದು ಡಬ್ಬಿ. ಇವಿಷ್ಟನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು, ಮನೆಯಲ್ಲೇ ಆಡುತ್ತಾ 90 ದಿನಗಳಲ್ಲಿ 15 ಕಿಲೊ ತೂಕ ಇಳಿಸಬಹುದು ಎಂಬ ಭರವಸೆಯೊಂದಿಗೆ ಕಾರವಾರ, ಅಂಕೋಲಾ, ಕುಮಟಾ ಕಡೆಗಳಲ್ಲಿ ಮಾರುತ್ತಿದ್ದಾರೆ. ಜಾಹೀರಾತು ಮೊಬೈಲಿನಿಂದ ಮೊಬೈಲಿಗೆ ದಾಟಿ ಬರುತ್ತದೆ, ಮಾರುವವರು ಸೆಟ್ಟನ್ನು ಮನೆಗೇ ತಂದು ಜೋಡಿಸಿಕೊಡುತ್ತಾರೆ, ಹಣ ಕೈಗೆ ಬಂದ ಮೇಲೆ ಫೋನ್ ಎತ್ತುವುದಿಲ್ಲ. ಕಳೆದ ಮಳೆಗಾಲದ ಆರಂಭದಲ್ಲಿ ನಾನು ಇದಕ್ಕೆ 18 ಸಾವಿರ ರೂಪಾಯಿ ತೆತ್ತಿದ್ದೇನೆ. ಹಣಕ್ಕಿಂತ ದೊಡ್ಡ ನಷ್ಟವಾದದ್ದು ಬಲ ಮಂಡಿಗೆ. ಈ ವರ್ಷವೂ ಅದೇ ಸಂದೇಶ ಪರಿಚಯದವರ ಮೂಲಕ ಮತ್ತೆ ಬಂದಿರುವುದರಿಂದ, ಆ ಪೆಟ್ಟಿಗೆಯೊಳಗೆ ನಿಜವಾಗಿ ಏನಿರುತ್ತದೆ ಎಂಬುದನ್ನು ವಿವರವಾಗಿ ಬರೆದಿಡುವುದು ಒಳ್ಳೆಯದೆನಿಸಿತು.

ಇಂಥ ಸಾಮಾನಿಗೆ ನಮ್ಮಲ್ಲಿ ಗಿರಾಕಿ ಸಿಗಲು ಕಾರಣವೂ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟಾಗೋರ್ ಕಡಲತೀರದಲ್ಲಿ ನಡೆಯುವವರ ನಡಿಗೆ ನಿಂತುಹೋಗುತ್ತದೆ, ಕೊಡೆ ಹಿಡಿದು ಕೋಡಿಬಾಗದ ರಸ್ತೆಯಲ್ಲಿ ವೇಗವಾಗಿ ನಡೆಯುವುದು ವಾಹನಗಳ ನಡುವೆ ಸಾಧ್ಯವಾಗುವುದಿಲ್ಲ, ಜಿಮ್‌ಗೆ ಹೋಗಲು ಸಂಕೋಚಪಡುವ ಮಧ್ಯವಯಸ್ಕರಂತೂ ಊರು ತುಂಬ ಇದ್ದಾರೆ. ಆಡುತ್ತಾ ವ್ಯಾಯಾಮ ಮಾಡುವ ಕಲ್ಪನೆಯೇ ಮೋಸವೆಂದು ನಾನು ಹೇಳುತ್ತಿಲ್ಲ. ಜಪಾನಿನ ಕೊನಾಮಿ 1998ರಲ್ಲಿ ತಂದ ನೃತ್ಯದ ಆಟದಿಂದ ಹಿಡಿದು, ನಿಂಟೆಂಡೊದ 2007ರ ವೀ ಫಿಟ್ ಮತ್ತು 2019ರ ರಿಂಗ್ ಫಿಟ್ ಅಡ್ವೆಂಚರ್‌ವರೆಗೆ ಇದು ಗಂಭೀರವಾಗಿ ಬೆಳೆದುಬಂದ ಕ್ಷೇತ್ರ. ನನ್ನ ತಕರಾರು ಅದರ ಹೆಸರಿನಲ್ಲಿ ಹಳೆಯ ಯಂತ್ರಕ್ಕೆ ಸುಳ್ಳು ಲೆಕ್ಕವನ್ನು ಅಂಟಿಸಿ ಮಾರುವವರ ಮೇಲೆ.

ಮೊದಲು ಯಂತ್ರದ ವಿಷಯ. ‘ಗೋವೆಯಿಂದ ಬಂದ ಹೊಸ ಸ್ಟಾಕ್’ ಎಂದು ನನಗೆ ಕೊಟ್ಟದ್ದು ಮೈಕ್ರೋಸಾಫ್ಟ್ ಕಂಪನಿಯ ಎಕ್ಸ್‌ಬಾಕ್ಸ್ 360 ಎಂಬ ಗೇಮ್ ಯಂತ್ರ ಮತ್ತು ಅದರ ಕಿನೆಕ್ಟ್ ಕ್ಯಾಮೆರಾ. ಕಿನೆಕ್ಟ್ ಮಾರುಕಟ್ಟೆಗೆ ಬಂದದ್ದು 2010ರ ನವೆಂಬರ್‌ನಲ್ಲಿ, ಆ ಕಾಲಕ್ಕೆ ಅದು ನಿಜಕ್ಕೂ ಅದ್ಭುತವಾದ ಸಾಧನವೇ ಆಗಿತ್ತು. ಆದರೆ ಎಕ್ಸ್‌ಬಾಕ್ಸ್ 360ರ ತಯಾರಿಕೆ 2016ರಲ್ಲಿ ನಿಂತಿತು, ಕಿನೆಕ್ಟ್‌ನ ತಯಾರಿಕೆ 2017ರಲ್ಲಿ ನಿಂತಿತು. ಎರಡು ಡಿಸ್ಕ್ ಬೇಸರವಾದರೆ ‘ಬೇಕಾದಷ್ಟು ಹೊಸ ಗೇಮ್‌ಗಳನ್ನು ಇಂಟರ್‌ನೆಟ್ಟಿನಿಂದ ಕೊಳ್ಳಬಹುದು’ ಎಂದು ಮಾರಿದವರು ಹೇಳಿದ್ದರು. ಆ ಯಂತ್ರದ ಆನ್‌ಲೈನ್ ಮಳಿಗೆಯನ್ನು ಕಂಪನಿಯು ಮುಂಚಿತವಾಗಿ ತಿಳಿಸಿಯೇ 2024ರ ಜುಲೈ 29ರಂದು ಮುಚ್ಚಿದೆ, ಆದ್ದರಿಂದ ಅದರಲ್ಲಿ ಇನ್ನು ಹೊಸದಾಗಿ ಏನನ್ನೂ ಕೊಳ್ಳಲಾಗದು. ಇನ್ನೊಂದು ಸೂಕ್ಷ್ಮವೆಂದರೆ, 360ರ ಮೊದಲ ಮಾದರಿಯ ದಪ್ಪ ಯಂತ್ರಕ್ಕೆ ಕಿನೆಕ್ಟ್ ಜೋಡಿಸಬೇಕಾದರೆ ಕ್ಯಾಮೆರಾಕ್ಕೆ ಪ್ರತ್ಯೇಕ ವಿದ್ಯುತ್ ಅಡಾಪ್ಟರ್ ಬೇಕು. ನನ್ನ ಪೆಟ್ಟಿಗೆಯಲ್ಲಿ ದಪ್ಪ ಯಂತ್ರವೇ ಇತ್ತು, ಮೂಲ ಅಡಾಪ್ಟರ್ ಇರಲಿಲ್ಲ. ಅದರ ಬದಲು ಯಾರೋ ಕತ್ತರಿಸಿ ಟೇಪು ಸುತ್ತಿದ ವಯರ್ ಇತ್ತು. ಮಳೆಗಾಲದ ಕರಾವಳಿಯಲ್ಲಿ, ಗೋಡೆಯೂ ಬೆವರುವ ಮನೆಯಲ್ಲಿ, ಅಂಥ ವಯರನ್ನು ಬಳಸುವುದು ಎಷ್ಟು ಅಪಾಯಕಾರಿ ಎಂದು ಬೇರೆ ಹೇಳಬೇಕಿಲ್ಲ. ಬಳಸಿದ ಸಾಮಾನನ್ನು ಬಳಸಿದ್ದೆಂದು ಹೇಳಿ ತಕ್ಕ ಬೆಲೆಗೆ ಮಾರಿದ್ದರೆ ಯಾರ ಆಕ್ಷೇಪಣೆಯೂ ಇರುತ್ತಿರಲಿಲ್ಲ.

ಜಾಗದ ಮಾತನ್ನು ಮಾರುವವರು ಎತ್ತುವುದೇ ಇಲ್ಲ. ಆ ಕ್ಯಾಮೆರಾ ಒಬ್ಬರನ್ನು ಅಡಿಯಿಂದ ಮುಡಿಯವರೆಗೆ ಕಾಣಬೇಕಾದರೆ ಆಡುವವರು ಅದರಿಂದ ಸುಮಾರು 6 ಅಡಿ ದೂರ ನಿಲ್ಲಬೇಕು, ಇಬ್ಬರು ಆಡುವುದಾದರೆ 8 ಅಡಿ. ಅದರ ಮೇಲೆ ಕೈಕಾಲು ಬೀಸಲು ಹಿಂದೆ ಮತ್ತು ಅಕ್ಕಪಕ್ಕದಲ್ಲಿ ತೆರವು ಬೇಕು. ನಮ್ಮ ಬಾಡಿಗೆ ಮನೆಗಳ ಹಾಲಿನಲ್ಲಿ ದಿವಾನ, ಟೀಪಾಯಿ, ಮಳೆಗಾಲದಲ್ಲಿ ಒಳಗೇ ಕಟ್ಟುವ ಬಟ್ಟೆಯ ಹಗ್ಗ ಇಷ್ಟನ್ನು ಬಿಟ್ಟರೆ ಉಳಿಯುವ ಜಾಗವೆಷ್ಟು? ಹಗ್ಗದ ಮೇಲಿನ ಲುಂಗಿಯನ್ನು ಕ್ಯಾಮೆರಾ ಎರಡನೆಯ ಆಟಗಾರನೆಂದು ಭಾವಿಸಿದ್ದು ಮೊದಲ ದಿನ ನಮಗೆ ನಗು ತರಿಸಿತು. ಆಮೇಲೆ ಅದೇ ಕಾರಣಕ್ಕೆ ಆಟ ಪದೇಪದೇ ನಿಲ್ಲತೊಡಗಿತು.

ಈಗ ಎಲ್ಲಕ್ಕಿಂತ ಮುಖ್ಯವಾದ ಕ್ಯಾಲೊರಿಯ ಲೆಕ್ಕಕ್ಕೆ ಬರುತ್ತೇನೆ, ಏಕೆಂದರೆ ಜನರು ಮರುಳಾಗುವುದು ಇಲ್ಲಿಯೇ. ಆಟದ ಕೊನೆಯಲ್ಲಿ ಪರದೆಯ ಮೇಲೆ ಮೂಡುವ ಸಂಖ್ಯೆ ನಮ್ಮ ಹೃದಯ ಬಡಿತವನ್ನೋ ಉಸಿರನ್ನೋ ಅಳೆದು ಬಂದದ್ದಲ್ಲ, ಚಲನೆಯನ್ನು ನೋಡಿ ಮಾಡಿದ ಅಂದಾಜು. ಸುಮ್ಮನೆ ಕುಳಿತಾಗ ದೇಹ ಖರ್ಚು ಮಾಡುವ ಶಕ್ತಿಯನ್ನು ತಜ್ಞರು 1 ಮೆಟ್ ಎಂದು ಹಿಡಿಯುತ್ತಾರೆ. 3ರಿಂದ 6 ಮೆಟ್ ಮಧ್ಯಮ ಶ್ರಮ, ಅದರ ಮೇಲಿನದು ತೀವ್ರ ಶ್ರಮ. ಜಪಾನಿನ ಸಂಶೋಧಕರು ನಿಂಟೆಂಡೊ ವೀ ಯಂತ್ರದ 68 ಚಟುವಟಿಕೆಗಳನ್ನು, ಆಡುವವರ ಉಸಿರಾಟವನ್ನು ಅಳೆಯುವ ವಿಶೇಷ ಕೊಠಡಿಯೊಳಗೆ ಪರೀಕ್ಷಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವುಗಳಲ್ಲಿ 46 ಚಟುವಟಿಕೆಗಳು 3 ಮೆಟ್‌ಗಿಂತ ಕೆಳಗೇ ಉಳಿದವು, 22 ಮಧ್ಯಮ ಶ್ರಮದವು, ತೀವ್ರ ಶ್ರಮದ ಮಟ್ಟವನ್ನು ಮುಟ್ಟಿದ್ದು ಒಂದೂ ಇರಲಿಲ್ಲ. ವೇಗದ ನೃತ್ಯದ ಆಟಗಳು ಇದಕ್ಕಿಂತ ಹೆಚ್ಚು ಬೆವರಿಳಿಸುತ್ತವೆ, ನಿಜ. ಆದರೆ ಅಂಥವನ್ನು ಅರ್ಧ ಗಂಟೆ ಎಡೆಬಿಡದೆ ಆಡುವ ದಮ್ಮು ಇದ್ದವರಿಗೆ ಈ ಪೆಟ್ಟಿಗೆಯ ಅಗತ್ಯವೇ ಬೀಳಲಿಕ್ಕಿಲ್ಲ.

ಧಾರಾಳವಾಗಿ 4 ಮೆಟ್ ಎಂದೇ ಇಟ್ಟುಕೊಳ್ಳೋಣ. 75 ಕಿಲೊ ತೂಕದವರು ಅರ್ಧ ಗಂಟೆ ಆಡಿದರೆ ಸುಮಾರು 150 ಕ್ಯಾಲೊರಿ ಖರ್ಚಾಗುತ್ತದೆ. ಅದರಲ್ಲಿ 38ರಷ್ಟು ಸುಮ್ಮನೆ ಕುಳಿತಿದ್ದರೂ ಖರ್ಚಾಗುತ್ತಿತ್ತು, ಆದ್ದರಿಂದ ಆಟದಿಂದ ದಕ್ಕಿದ್ದು 112. ಒಂದು ಕಿಲೊ ಕೊಬ್ಬು ಕರಗಲು ಸ್ಥೂಲವಾಗಿ 7,700 ಕ್ಯಾಲೊರಿ ಬೇಕು. ಹಾಗಾದರೆ ಊಟ ಮೊದಲಿನಂತೆಯೇ ಇದ್ದು, ದಿನಕ್ಕೆ ಅರ್ಧ ಗಂಟೆ, 90 ದಿನ ಒಂದು ದಿನವೂ ತಪ್ಪದೆ ಆಡಿದರೆ ಇಳಿಯಬಹುದಾದದ್ದು ಸುಮಾರು 1.3 ಕಿಲೊ. ಅದೇ ಅವಧಿಯಲ್ಲಿ ಬರೀ ಆಟದಿಂದ 15 ಕಿಲೊ ಇಳಿಸಬೇಕೆಂದರೆ ದಿನಕ್ಕೆ 1,280 ಕ್ಯಾಲೊರಿಗೂ ಹೆಚ್ಚು ಕರಗಬೇಕು, ಅಂದರೆ ಹೆಚ್ಚುಕಡಿಮೆ ಐದೂಮುಕ್ಕಾಲು ಗಂಟೆ ಟಿವಿಯ ಮುಂದೆ ಕುಣಿಯುತ್ತಿರಬೇಕು. ತೂಕ ಇಳಿದಂತೆ ಅದೇ ಆಟಕ್ಕೆ ದೇಹ ವ್ಯಯಿಸುವ ಶಕ್ತಿಯೂ ಕಡಿಮೆಯಾಗುವುದರಿಂದ ಈ ಲೆಕ್ಕವೂ ಉದಾರವಾದದ್ದೇ. ಆಟದ ನಂತರ ಹಸಿವು ಸುಮ್ಮನಿರುವುದಿಲ್ಲ ಎಂಬುದನ್ನೂ ಸೇರಿಸಿಕೊಳ್ಳಿ: ಸಂಜೆಯ ಚಹಾದ ಜೊತೆ ಎರಡು ಬನ್ಸ್ ತಿಂದರೆ ಅರ್ಧ ಗಂಟೆಯ ಗಳಿಕೆ ಮುಗಿದು ಸಾಲವೇ ಉಳಿಯುತ್ತದೆ.

ಹೀಗೆಂದ ಮಾತ್ರಕ್ಕೆ ಅರ್ಧ ಗಂಟೆಯ ಆಟ ವ್ಯರ್ಥವಲ್ಲ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸರಿಯಾದ ಆಟವನ್ನು ಸರಿಯಾಗಿ ಆಡಿದರೆ ಆ ಪಾಲು ಮಳೆಗಾಲದಲ್ಲೂ ಸಲ್ಲುತ್ತದೆ, ರಕ್ತದೊತ್ತಡಕ್ಕೂ ನಿದ್ದೆಗೂ ಅದು ಒಳ್ಳೆಯದು. ಮಾರುವವರು ಇಷ್ಟನ್ನೇ ಹೇಳಿದರೆ ಪೆಟ್ಟಿಗೆಗೆ 18 ಸಾವಿರ ಸಿಗುವುದಿಲ್ಲ, ಅಷ್ಟೆ.

ಮಂಡಿಯ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಸೆಟ್ ಜೋಡಿಸಲು ಬಂದವರು ‘ಬೂಟು ಹಾಕಿದರೆ ಕ್ಯಾಮೆರಾ ಕಾಲನ್ನು ಹಿಡಿಯುವುದಿಲ್ಲ, ಬರಿಗಾಲಲ್ಲೇ ಆಡಬೇಕು’ ಎಂದು ಖಚಿತವಾಗಿ ಹೇಳಿದ್ದರು. ಇದು ಶುದ್ಧ ಸುಳ್ಳು. ಆ ಕ್ಯಾಮೆರಾ ಇಡೀ ದೇಹದ ಆಕಾರದಿಂದ ಕೀಲುಗಳ ಸ್ಥಾನವನ್ನು ಊಹಿಸುತ್ತದೆ, ಬೂಟು ಅದಕ್ಕೆ ಅಡ್ಡಿಯಲ್ಲ. ಜುಲೈ ತಿಂಗಳಲ್ಲಿ ನಮ್ಮ ಕಡೆಯ ಟೈಲ್ಸ್ ನೆಲ ಎಷ್ಟು ಒರೆಸಿದರೂ ತೇವವಾಗಿಯೇ ಇರುತ್ತದೆ. ಪಕ್ಕಕ್ಕೆ ಜಿಗಿದು ತಕ್ಷಣ ಎದುರು ದಿಕ್ಕಿಗೆ ತಿರುಗಬೇಕಾದ ಒಂದು ಹಂತದಲ್ಲಿ ಪಾದ ನೆಲಕ್ಕೆ ಸಿಕ್ಕಿಕೊಂಡಂತಾಗಿ ಮೈ ಮಾತ್ರ ತಿರುಗಿತು. ಅಂದು ರಾತ್ರಿ ಮಂಡಿ ಊದಿಕೊಂಡಿತು, ಮರುದಿನ ಮೆಟ್ಟಿಲಿಳಿಯಲು ಆಗಲಿಲ್ಲ. ಮಂಡಿಯ ಒಳಗೆ ಎರಡು ಮೂಳೆಗಳ ನಡುವೆ ಮೆತ್ತೆಯಂತಿರುವ ಮೆನಿಸ್ಕಸ್ ಎಂಬ ಮೃದ್ವಸ್ಥಿ ಸ್ವಲ್ಪ ಹರಿದಿದೆ ಎಂದು ಆಮೇಲೆ ಮೂಳೆತಜ್ಞರು ತಿಳಿಸಿದರು. ಮಡಚಿದ ಮಂಡಿಯ ಮೇಲೆ ಭಾರ ಬಿದ್ದು ಅದೇ ಕ್ಷಣ ದೇಹ ತಿರುಚಿದಾಗ ಇದು ಹರಿಯುವುದು ಸಾಮಾನ್ಯವಂತೆ. ಮಂಡಿಗೆ ಎರಡನೆಯ ಅಭಿಪ್ರಾಯ ಬೇಕೆಂದರೆ ಈ ಜಿಲ್ಲೆಯವರು ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವೆಗೋ ಹೊರಡುವುದು ರೂಢಿ. ನಾನೂ ಹೊರಟೆ, ಆ ಖರ್ಚನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ.

ತೂಕ ಹೆಚ್ಚಿರುವವರೇ ಈ ಸೆಟ್ ಕೊಳ್ಳುವುದು ಎಂಬುದನ್ನು ನೆನಪಿಡಬೇಕು. ನಡೆಯುವಾಗಲೇ ಒಂದು ಕಿಲೊ ಹೆಚ್ಚುವರಿ ತೂಕ ಮಂಡಿಯ ಮೇಲೆ ಸುಮಾರು ನಾಲ್ಕು ಕಿಲೊದಷ್ಟು ಭಾರ ಹಾಕುತ್ತದೆ, ಜಿಗಿದು ಇಳಿಯುವಾಗ ಇನ್ನೂ ಹೆಚ್ಚು. ಎದುರಿಗೆ ನಿಂತ ತರಬೇತುದಾರರಾದರೆ ಮಂಡಿ ಒಳಕ್ಕೆ ವಾಲುತ್ತಿದೆ, ಮುಖ ಕಿವುಚಿದೆ ಎಂದು ಕಂಡು ನಿಲ್ಲಿಸುತ್ತಾರೆ. ಆಟಕ್ಕೆ ನೋವು ಕಾಣುವುದಿಲ್ಲ. ಕೈ ಗುರಿಯನ್ನು ತಲುಪಿದರೆ ಅಂಕ ಕೊಡುತ್ತದೆ ಮತ್ತು ಇನ್ನೂ ವೇಗವಾಗಿ ಎಂದು ಹುರಿದುಂಬಿಸುತ್ತದೆ. ಈಗಾಗಲೇ ಯಂತ್ರ ಕೊಂಡವರು ದಯವಿಟ್ಟು ಹಿಡಿತವಿರುವ ಬೂಟು ಹಾಕಿಕೊಳ್ಳಿ, ಒಣ ರಬ್ಬರ್ ಮ್ಯಾಟ್ ಹಾಸಿ, ಜಿಗಿತವಿರುವ ಹಂತಗಳನ್ನು ಬಿಟ್ಟುಬಿಡಿ. ರಿಂಗ್ ಫಿಟ್‌ನಂಥ ಆಟಗಳಲ್ಲಿ ಓಟದ ಬದಲು ಮಂಡಿ ಬಗ್ಗಿಸಿ ಏಳುವ ಸದ್ದಿಲ್ಲದ ಕ್ರಮವೂ ಇದೆ, ಮಹಡಿ ಮನೆಯವರಿಗೆ ಕೆಳಗಿನವರ ಮುನಿಸನ್ನು ತಪ್ಪಿಸಲು ಅದು ಅನುಕೂಲ. ಆದರೆ ಮಂಡಿ ಮೊದಲೇ ನೋಯುತ್ತಿದ್ದರೆ ಅದೂ ಬೇಡ.

ಪುಡಿಯ ಡಬ್ಬಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮ ದೇಶದಲ್ಲಿ ಮಾರುವ ಪೊಟ್ಟಣದ ಆಹಾರದ ಮೇಲೆ ಆಹಾರ ಸುರಕ್ಷತೆಯ ರಾಷ್ಟ್ರೀಯ ಪ್ರಾಧಿಕಾರವಾದ ಎಫ್ಎಸ್ಎಸ್ಎಐನ 14 ಅಂಕಿಗಳ ಪರವಾನಗಿ ಸಂಖ್ಯೆ ಇರಬೇಕು. ಈ ಡಬ್ಬಿಯ ಮೇಲೆ ಅದೂ ಇರಲಿಲ್ಲ, ತಯಾರಿಸಿದವರ ವಿಳಾಸವೂ ಇರಲಿಲ್ಲ. ರಾತ್ರಿಯ ಊಟ ಬಿಟ್ಟು ಇದನ್ನೇ ಕುಡಿದು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಆಡಬೇಕೆಂಬುದು ಅವರ ಸೂಚನೆ. ನನಗೆ ತಲೆಸುತ್ತು ಬಂದು ಎರಡನೆಯ ವಾರಕ್ಕೇ ಅದನ್ನು ನಿಲ್ಲಿಸಿದೆ. ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರು ಹೀಗೆ ಊಟ ಬಿಟ್ಟು ಶ್ರಮ ಪಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು, ಮಧುಮೇಹಿಗಳು ತಮ್ಮ ವೈದ್ಯರನ್ನು ಕೇಳದೆ ಇಂಥದ್ದಕ್ಕೆ ಕೈಹಾಕಲೇಬಾರದು.

ಸಿರ್ಸಿಯ ನಮ್ಮ ಬಂಧುಗಳೊಬ್ಬರು ಇದೇ ಸೆಟ್ಟನ್ನು ಮಗನಿಗಾಗಿ ಕೊಳ್ಳಲು ಹೊರಟಿದ್ದರು, ಹುಡುಗ ಮೊಬೈಲ್ ಬಿಟ್ಟು ಕೈಕಾಲು ಆಡಿಸಲಿ ಎಂದು. ಅಮೆರಿಕದ ಸಂಶೋಧಕರು ಮಕ್ಕಳಿಗೆ ಯಂತ್ರ ಕೊಟ್ಟು, ಕೆಲವರಿಗೆ ಮೈ ಬಳಸಿ ಆಡುವ ಆಟಗಳನ್ನೂ ಉಳಿದವರಿಗೆ ಕುಳಿತು ಆಡುವ ಆಟಗಳನ್ನೂ ನೀಡಿ ಹೋಲಿಸಿದಾಗ, ಮೊದಲ ಗುಂಪಿನ ಮಕ್ಕಳ ಒಟ್ಟು ಚಟುವಟಿಕೆ ಹೆಚ್ಚಾಗಿರಲಿಲ್ಲ ಎಂಬ ಫಲಿತಾಂಶ 2012ರಲ್ಲಿ ಪ್ರಕಟವಾಗಿದೆ. ಇದನ್ನು ಅವರಿಗೆ ತಿಳಿಸಿದೆ. ಹುಡುಗನಿಗೆ ಈಗ ಸೈಕಲ್ ಬಂದಿದೆ.

ಕೊಳ್ಳಲೇಬೇಕೆನ್ನುವವರು ಯಂತ್ರದ ಮಾದರಿಯ ಹೆಸರನ್ನು ಬರವಣಿಗೆಯಲ್ಲಿ ಕೇಳಿ, ಅದು ಯಾವ ವರ್ಷದ್ದೆಂದು ಪರಿಶೀಲಿಸಿ, ನಿಮ್ಮ ಹಾಲನ್ನು ಟೇಪಿನಿಂದ ಅಳೆದುಕೊಳ್ಳಿ, ಬಿಲ್ ಇಲ್ಲದೆ ಹಣ ಕೊಡಬೇಡಿ. ‘ಸೆಕೆಂಡ್ಸ್ ಸಾಮಾನಿಗೆ ಬಿಲ್ ಇರುವುದಿಲ್ಲ’ ಎಂದು ನನಗೆ ಹೇಳಿದ್ದರು; ಹೊಸ ಸ್ಟಾಕ್ ಎಂದವರೇ ಹಣ ಕೇಳುವ ಹೊತ್ತಿಗೆ ಸೆಕೆಂಡ್ಸ್ ಎಂದರೆ ಅಲ್ಲಿಯೇ ವ್ಯವಹಾರ ನಿಲ್ಲಿಸುವುದು ಮೇಲು. ಈಗಾಗಲೇ ಹಣ ಕೊಟ್ಟವರು ಜಾಹೀರಾತಿನ ಸಂದೇಶವನ್ನೂ ಮೊಬೈಲಿನಲ್ಲಿ ಹಣ ಪಾವತಿಸಿದ ದಾಖಲೆಯನ್ನೂ ಅಳಿಸದೆ ಇಟ್ಟುಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915, ಜಿಲ್ಲಾ ಗ್ರಾಹಕ ಆಯೋಗ ಕಾರವಾರದಲ್ಲಿಯೇ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ತೊಂದರೆಯಾದ ದಿನದಿಂದ ಎರಡು ವರ್ಷಗಳೊಳಗೆ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ನಿಯಮವೂ ಇಲ್ಲ.