ನವನಗರದ ರೊಟ್ಟಿ ಅಂಗಡಿಯ ತುಂಬಿದ ಹಾಗಲಕಾಯಿ

ಬಾಗಲಕೋಟೆಯ ನವನಗರದಲ್ಲಿ ತಾಯಿ ಮತ್ತು ಮಗಳು ನಡೆಸುವ ಒಂದು ಸಣ್ಣ ರೊಟ್ಟಿ ಅಂಗಡಿಯಲ್ಲಿ ಮಸಾಲೆ ತುಂಬಿ, ದಾರ ಸುತ್ತಿದ ಹಸಿ ಹಾಗಲಕಾಯಿ ಸಿಗುತ್ತದೆ. ಮನೆಗೆ ತಂದು ಬೇಯಿಸಿಕೊಳ್ಳುವುದಷ್ಟೇ ನಮ್ಮ ಕೆಲಸ. ಎರಡು ತಿಂಗಳಲ್ಲಿ ನಾಲ್ಕು ಬಾರಿ ತಂದಿದ್ದೇನೆ.

ಬೆರಳುದ್ದದ ಎಳೆಯ ಕಾಯಿಗಳನ್ನೇ ಅವರು ಆರಿಸುತ್ತಾರೆ; ಬೀಜ ಬಲಿತದ್ದು ಇದುವರೆಗೆ ಒಂದೂ ಬಂದಿಲ್ಲ. ಹೂರಣದಲ್ಲಿ ಹುರಿದ ಶೇಂಗಾ, ಗುರೆಳ್ಳು, ಒಣಕೊಬ್ಬರಿ, ಹುಣಸೆಹಣ್ಣು, ಬೆಲ್ಲ ಇವೆ. ಉಪ್ಪು ಸವರಿ ಅರ್ಧ ಗಂಟೆ ಇಟ್ಟು ಹಿಂಡಿದರೆ ಕಹಿ ನೀರು ಇಳಿಯುತ್ತದೆ ನಿಜ, ಆದರೆ ಅತಿಯಾಗಿ ಹಿಂಡಿದ ಕಾಯಿಯಲ್ಲಿ ಹಾಗಲದ ಸ್ವಾದವೇ ಉಳಿಯುವುದಿಲ್ಲ. ಇವರಿಗೆ ಆ ಹದ ಚೆನ್ನಾಗಿ ತಿಳಿದಿದೆ. ಕಹಿಯಿಲ್ಲದ ಹಾಗಲಕಾಯಿಯನ್ನು ಏಕೆ ತಿನ್ನಬೇಕೆಂದು ನಮ್ಮ ಅಜ್ಜಿ ಕೇಳುತ್ತಿದ್ದುದು ನೆನಪಾಯಿತು.

ದಪ್ಪ ತಳದ ಪಾತ್ರೆಯಲ್ಲಿ ನಾಲ್ಕು ಚಮಚ ಶೇಂಗಾ ಎಣ್ಣೆಗೆ ಸಾಸಿವೆ ಸಿಡಿಸಿ, ಕಾಯಿಗಳನ್ನು ಜೋಡಿಸಿ, ಮುಚ್ಚಿದ ತಟ್ಟೆಯ ಮೇಲೆ ನೀರು ನಿಲ್ಲಿಸಿ ಸಣ್ಣ ಉರಿಯಲ್ಲಿ 25 ನಿಮಿಷ ಬೇಯಿಸಿದರೆ ತಳ ಹತ್ತುವುದಿಲ್ಲ. ಬಿಸಿ ಜೋಳದ ರೊಟ್ಟಿಗಿಂತ ಮರುದಿನ ಖಡಕ್ ರೊಟ್ಟಿಯೊಂದಿಗೆ ಇದರ ರುಚಿ ಹೆಚ್ಚು.

ಬೆಲ್ಲ ಮಾತ್ರ ತುಸು ಜಾಸ್ತಿ. ಮಧುಮೇಹವಿರುವ ನಮ್ಮ ತಂದೆಯವರಿಗಾಗಿ ಬೆಲ್ಲವಿಲ್ಲದ್ದನ್ನು ಕೇಳಿದಾಗ, ಹಿಂದಿನ ದಿನವೇ ತಿಳಿಸಿದರೆ ಮಾಡಿಕೊಡುವುದಾಗಿ ಒಪ್ಪಿದರು. ಹಾಗಲಕಾಯಿ ತಿನ್ನುತ್ತೇವೆಂದು ಯಾರೂ ಮಾತ್ರೆ ಬಿಡಬಾರದು; ಈ ಮಾತನ್ನು ಆ ತಾಯಿಯೂ ಗಿರಾಕಿಗಳಿಗೆ ಹೇಳುತ್ತಾರೆ. ಎಂಟು ಕಾಯಿಗೆ 70 ರೂಪಾಯಿ, ಸಂಜೆ ಆರರೊಳಗೆ ಹೋಗಬೇಕು.